ಪಂಪಿನ ಅಂಗಡಿಯ ನುಣುಪು ನೆಲ

ಜಮಖಂಡಿಯಿಂದ ಮುಧೋಳಕ್ಕೆ ಹೋಗುವಾಗ ನಮ್ಮ ಹಾಸ್ಟೆಲಿನ ಜೀಪಿಗೆ ಡೀಸೆಲ್ ಹಾಕಿಸಲು ಹೊಸ ಪೆಟ್ರೋಲ್ ಪಂಪಿನಲ್ಲಿ ನಿಂತೆವು. ಪಕ್ಕದಲ್ಲೇ ಗಾಜಿನ ಬಾಗಿಲಿನ ಅಂಗಡಿ. ಎರಡರ ಮಾಲೀಕರೂ ಬನಹಟ್ಟಿಯ ಒಬ್ಬ ನೂಲಿನ ವ್ಯಾಪಾರಿ. ನನ್ನನ್ನು ಒಳಗೆ ಕರೆದು, "ಅಕ್ಕಾರ, ನೀವು ಶಾಣ್ಯಾರು, ಹೇಳ್ರಿ. ಡೀಸೆಲ್ ಹಾಕಿಸ್ತಾರ, ಒಳಗ ಮಾತ್ರ ಯಾರೂ ಬರವಲ್ಲರು. ಹಿಂಗಾದರ ಅಂಗಡಿ ಮುಚ್ಚೂದ" ಎಂದರು.

ಬಿಸ್ಕತ್ತು, ಸೋಡಾ, ಸಾಬೂನು ಎಲ್ಲ ಸಾಲಾಗಿದ್ದವು; ನೆಲದಲ್ಲಿ ಮುಖ ಕಾಣುತ್ತಿತ್ತು. ಕಾನ್ವೆಂಟಿನಲ್ಲಿ ಕಲಿತ ನನ್ನ ಕಣ್ಣಿಗೂ ಒಂದು ತಪ್ಪೂ ಸಿಗಲಿಲ್ಲ. ಹಾಗೆಂದೇ ಹೇಳಿದೆ.

ಅಷ್ಟರಲ್ಲಿ ರನ್ನ ಬೆಳಗಲಿ ಊರಿನ ಟ್ರ್ಯಾಕ್ಟರೊಂದು ಬಂತು. ಅದರಿಂದ ಇಳಿದ ರೈತರಿಬ್ಬರು ಬಾಗಿಲಲ್ಲಿ ಚಪ್ಪಲಿ ಬಿಟ್ಟು, ನೆಲ ನೋಡಿ ಅಲ್ಲೇ ನಿಂತರು.

"ಒಳಗ ಬರ್ರಿ" ಎಂದರು ಮಾಲೀಕರು.

"ಹೊಲದ ರಾಡಿ ಕಾಲಾಗ ಐತ್ರಿ. ಇಲ್ಲಿ ಮಠಕ್ಕ ಬಂದಂಗ ಆಗತೈತಿ, ತಂಬಾಕು ಹೆಂಗ ಕೇಳೂದು?" ಎಂದ ಹಿರಿಯ. ಇಬ್ಬರೂ ಚಪ್ಪಲಿ ಮೆಟ್ಟಿ ಹೊರಟರು.

"ಬಾಗಿಲ ಹೊರಗೆ ಒಂದು ಟೇಬಲ್ ಹಾಕಿ, ಅಲ್ಲೇ ಮಾರಿ" ಎಂದು ನಾನು ಮಾಲೀಕರಿಗೆ ಹೇಳಿದೆ.

"ಮತ್ತ ಇಷ್ಟು ಛಲೋ ಫರಸಿ ನೆಲ ಯಾರಿಗೆರೀ?"

"ನನಗೆ."

ಈಗ ಆ ಟೇಬಲ್ಲಿನ ಮುಂದೆ ನಿಲ್ಲಲು ಜಾಗವಿರುವುದಿಲ್ಲ. ಒಳಗೆ ಹೋಗುವವಳು ನಾನೊಬ್ಬಳೇ, ಅದೂ ಬೂಟು ಬಿಚ್ಚದೆ.