ಚೆಂಡು ಕೂರಿಸುವ ವಿದ್ಯೆ

ಪಿನ್‌ಬಾಲ್ ಆಡುವಾಗ ದಯವಿಟ್ಟು ಯಾರಿಗೂ ನಮಸ್ಕಾರ ಮಾಡಬೇಡಿ. ಸ್ವಂತ ಅನುಭವದಿಂದ ಹೇಳುತ್ತಿದ್ದೇನೆ.

ಹೊಸ ಶತಮಾನ ಬಂದಿದೆಯಲ್ಲ, ಮಾಸ್ತರರೂ ಮೌಸ್ ಹಿಡಿಯಲೇಬೇಕಂತೆ. ಬೈಲಹೊಂಗಲದಲ್ಲಿ ನಮಗೆಲ್ಲ ಹತ್ತು ದಿನ ಕಂಪ್ಯೂಟರ್ ತರಬೇತಿ. ಇಬ್ಬರಿಗೊಂದು ಕಂಪ್ಯೂಟರ್. ಕೀಬೋರ್ಡ್ ಮುಟ್ಟಲು ಹೆದರುವ ನಮ್ಮನ್ನು ನೋಡಿ ಕಲಿಸುವವರು, "ಮೊದಲ ಆಟಾ ಆಡ್ರಿ, ಬೆರಳು ಪಳಗಲಿ" ಎಂದು ಪಿನ್‌ಬಾಲ್ ತೆರೆದುಕೊಟ್ಟರು.

ಆಟ ಸರಳ. ಮೇಲಿನಿಂದ ಚೆಂಡು ಉರುಳಿ ಬರುತ್ತದೆ. ಕೆಳಗೆ ಎಡಕ್ಕೊಂದು, ಬಲಕ್ಕೊಂದು ಸಣ್ಣ ರೆಕ್ಕೆ. ಕೀ ಒತ್ತಿದರೆ ರೆಕ್ಕೆ ಎದ್ದು ಚೆಂಡನ್ನು ಮೇಲಕ್ಕೆ ಬಾರಿಸುತ್ತದೆ. ತಪ್ಪಿದರೆ ಚೆಂಡು ನಡುವಿನ ಸಂದಿಯಲ್ಲಿ ಮಂಗಮಾಯ. ಮೂರು ಚೆಂಡು ಹೋದರೆ ಆಟ ಖಲಾಸ್. ಹೆಚ್ಚು ಅಂಕದ ಐದು ಹೆಸರುಗಳು ಮಾತ್ರ ಒಂದು ಪಟ್ಟಿಯಲ್ಲಿ ಉಳಿಯುತ್ತವೆ.

ಆ ಪಟ್ಟಿ ನನ್ನ ನಿದ್ದೆ ಕೆಡಿಸಿತು. ಐದೂ ಸಾಲಿನಲ್ಲಿ ಒಂದೇ ಹೆಸರು, ಮುಮ್ತಾಜ್. ನನ್ನ ಪಕ್ಕದ ಕುರ್ಚಿಯವರು, ಕಿತ್ತೂರಿನ ಗಣಿತದ ಟೀಚರ್. ತರಬೇತಿ ಮುಗಿಯುವುದರೊಳಗೆ ಅಲ್ಲಿ ನನ್ನ ಹೆಸರೂ ಇರುತ್ತದೆ ಎಂದು ನಾನು ಮಗಳ ಮುಂದೆ ಕೊಚ್ಚಿಕೊಂಡಿದ್ದೆ. ದಿನಾ ಸಂಜೆ ಉಗರಗೋಳದ ಮನೆ ಬಾಗಿಲಲ್ಲೇ ಅವಳ ಪ್ರಶ್ನೆ, "ಅಪ್ಪಾ, ಹೆಸರ ಬಂತೇನು?"

ಎಲ್ಲಿಂದ ಬರಬೇಕು? ಚೆಂಡು ಕಂಡರೆ ಸಾಕು, ಎರಡೂ ಕೀಗಳನ್ನು ರೊಟ್ಟಿ ಬಡಿದಂತೆ ಪಟಪಟ ಬಡಿಯುತ್ತಿದ್ದೆ.

ಏಳನೆಯ ದಿನ ಮುಮ್ತಾಜ್ ಟೀಚರಿಗೆ ತಡೆಯಲಾಗಲಿಲ್ಲ. "ಸರ್, ಬಂದ ಚೆಂಡಿಗೆಲ್ಲಾ ಯಾಕ ಬಡೀತೀರಿ? ಕೀ ಒತ್ತಿ ಹಂಗ ಹಿಡೀರಿ. ರೆಕ್ಕಿ ಎದ್ದ ನಿಂದರತೈತಿ, ಚೆಂಡು ಬಂದು ಅದರ ಬಗಲಾಗ ತಣ್ಣಗ ಕುಂದರತೈತಿ. ಆಮ್ಯಾಲೆ ಕೀ ಬಿಡ್ರಿ. ತುದಿಗೆ ಉರುಳಿ ಬಂದಾಗ ಒಂದ ಏಟು."

ಒತ್ತಿ ಹಿಡಿದೆ. ಚೆಂಡು ನಿಜವಾಗಿಯೂ ಕುಳಿತುಕೊಂಡಿತು. ಬದುಕಿನಲ್ಲಿ ಇಷ್ಟು ತಾಳ್ಮೆಯನ್ನು ನಾನು ಎಲ್ಲಿ ತೋರಿಸಿದ್ದೇನೆ? ಬಸ್ ನಿಲ್ಲುವ ಮೊದಲೇ ಕಿಟಕಿಯಿಂದ ಸೀಟಿಗೆ ಟವೆಲ್ ಎಸೆಯುವವರ ಪೈಕಿ ನಾನು. (ಹೆಂಡತಿ ಬಾಯಿ ತೆರೆಯುವ ಮೊದಲೇ ಉತ್ತರ ಕೊಡುವವನೂ ನಾನೇ.)

ಕೊನೆಯ ದಿನ, ಕೊನೆಯ ಚೆಂಡು. ಪಟ್ಟಿ ಸೇರಲು ಇನ್ನೊಂದೇ ಒಳ್ಳೆಯ ಏಟು ಸಾಕು. ಎಡ ರೆಕ್ಕೆ ಎತ್ತಿ ಹಿಡಿದಿದ್ದೇನೆ, ಚೆಂಡು ಕುಳಿತಿದೆ, ಗುರಿ ನೋಡುತ್ತಿದ್ದೇನೆ. ಆಗಲೇ ತರಬೇತಿ ನೋಡಲು ಶಿಕ್ಷಣ ಇಲಾಖೆಯ ದೊಡ್ಡ ಸಾಹೇಬರು ಒಳಗೆ ಬಂದರು.

ನಮ್ಮ ಕಡೆ ಒಂದು ಕೈಯಲ್ಲಿ ಶರಣು ಮಾಡುವುದುಂಟೆ? ಮೈ ತಾನಾಗಿ ಕುರ್ಚಿಯಿಂದ ಎದ್ದಿತು, ಎರಡೂ ಕೈ ತಾವಾಗಿ ಕೂಡಿದವು. "ಶರಣ್ರಿ ಸಾಹೇಬ್ರ" ಎಂದು ತಲೆ ಎತ್ತುವಷ್ಟರಲ್ಲಿ ಚೆಂಡು ಸಂದಿಗೆ ಇಳಿದಾಗಿತ್ತು.

"ಬಾಯಿಲೆ ಅಂದಿದ್ರ ಸಾಕಿತ್ತಲ್ರಿ ಸರ್" ಎಂದು ಮುಮ್ತಾಜ್ ಟೀಚರ್ ಪಿಸುಗುಟ್ಟಿದರು. (ಈಗ ಹೇಳುತ್ತಾರೆ.)

ಸಾಹೇಬರಿಗೆ ಆಟ ಹಿಡಿಸಿತು. "ಸರೀರಿ ಮಾಸ್ತರ, ಹೆಂಗ ಆಡೂದು ಹೇಳ್ರಿ" ಎಂದು ನನ್ನ ಕುರ್ಚಿಯಲ್ಲೇ ಕುಳಿತರು. ನಾನೇ ಹೇಳಿಕೊಟ್ಟೆ. ಒತ್ತಿ ಹಿಡೀರಿ, ಕುಂದರಲಿ, ಬಿಡ್ರಿ, ಹೊಡೀರಿ. ಅಷ್ಟರಲ್ಲಿ ಸವದತ್ತಿಯ ಮಾಸ್ತರರು, ರಾಮದುರ್ಗದವರು ಒಬ್ಬೊಬ್ಬರಾಗಿ ಬಂದು ಎರಡೂ ಕೈ ಜೋಡಿಸಿದರು. ಸಾಹೇಬರು ಎಲ್ಲರಿಗೂ ಗದ್ದವನ್ನಷ್ಟೇ ಅಲ್ಲಾಡಿಸಿದರು. ಬೆರಳು ಕೀ ಬಿಡಲಿಲ್ಲ.

ಮೊದಲ ಸಲಕ್ಕೇ ಐದನೆಯ ಸ್ಥಾನ. ಹೆಸರು ಬರೆಯಲು ಪರದೆಯಲ್ಲಿ ಖಾಲಿ ಜಾಗ ಬಂತು. ಯಾವ ಅಕ್ಷರ ಎಲ್ಲಿದೆಯೋ ಸಾಹೇಬರಿಗೆ ಗೊತ್ತಿಲ್ಲ. "ಮಾಸ್ತರ, ನೀವ ಹೊಡೀರಿ" ಎಂದರು.

ಹತ್ತು ದಿನದ ಕಲಿಕೆ ಸಾರ್ಥಕವಾಯಿತು, ಸಾಹೇಬರ ಹೆಸರನ್ನು ಒಂದೂ ತಪ್ಪಿಲ್ಲದೆ ಟೈಪ್ ಮಾಡಿದೆ.