ತಪ್ಪೇನೆಂದು ಕೇಳಿ, ಮಾಡಿದವರನ್ನು ಹುಡುಕುವ ಅಕ್ಕ

ಬೆಳಿಗ್ಗೆ ಆರು ಗಂಟೆ. ವಸ್ತುಸಂಗ್ರಹಾಲಯದ ನೆಲಮಾಳಿಗೆಯಲ್ಲಿ ಎರಡು ಪ್ಲಾಸ್ಟಿಕ್ ಟಬ್ಬುಗಳಿವೆ. ಒಂದರಲ್ಲಿ ಉಗುರುಬೆಚ್ಚಗಿನ ನೀರು, ಇನ್ನೊಂದರಲ್ಲಿ ತಣ್ಣೀರು. ತಳಕ್ಕೆ ಹಳೆಯ ಟವೆಲ್ ಹಾಸಿದೆ. ಅಕ್ಕ ಉಂಗುರ, ಗಡಿಯಾರ ಬಿಚ್ಚಿ ಕಿಟಕಿಯ ಕಟ್ಟೆಯ ಮೇಲಿಡುತ್ತಾರೆ. ಹಸಿರುನೀಲಿ ಹೂದಾನಿಯೊಂದನ್ನು ಎಡಗೈಯಲ್ಲಿ ತಬ್ಬಿ ಬಲಗೈಯನ್ನು ಅದರ ಕತ್ತಿನೊಳಗೆ ಇಳಿಸುತ್ತಾರೆ. ಕೈ ಮೊಣಕೈವರೆಗೆ ಒಳಗೆ ಹೋಗುತ್ತದೆ. ಕಣ್ಣು ಎದುರಿನ ಗೋಡೆಯ ಮೇಲಿದ್ದರೂ ಅವರು ಗೋಡೆಯನ್ನು ನೋಡುತ್ತಿಲ್ಲ.

"ಒಳಗೆ ಕತ್ತಲೆ. ಕಣ್ಣಿಗೆ ಅಲ್ಲೇನು ಕೆಲಸ?" ಎನ್ನುತ್ತಾರೆ.

ಹುದ್ದೆಯ ಪ್ರಕಾರ ಅವರು ತೊಳೆಯುವ ಸಹಾಯಕಿ. ವಯಸ್ಸು ಐವತ್ತಮೂರು, ಕೆಲಸಕ್ಕೆ ಸೇರಿ ಇಪ್ಪತ್ತೆರಡು ವರ್ಷ. ಸಂದರ್ಶನದ ದಿನ ಮೇಜಿನ ಮೇಲೆ ಕಿರಿದಾದ ಕತ್ತಿನ ಹೂದಾನಿ ಇಟ್ಟು ಕೈ ಹಾಕಿ ಎಂದಿದ್ದರಂತೆ. ಇವರಿಗಿಂತ ಹೆಚ್ಚು ಓದಿದ್ದ ಇಬ್ಬರ ಕೈ ಹೋಗಲಿಲ್ಲ. ಮೂರನೆಯವಳ ಕೈ ಹೋಯಿತು, ವಾಪಸ್ ಬರಲಿಲ್ಲ, ಸೋಪು ಹಾಕಿ ಬಿಡಿಸಿದರು. "ನನ್ನ ಅರ್ಹತೆ ಅಂದ್ರೆ ಈ ಮಣಿಕಟ್ಟು. ಸರ್ಟಿಫಿಕೇಟ್ ಆಮೇಲೆ ನೋಡಿದ್ರು."

ದಿನಕ್ಕೆ ಹನ್ನೊಂದು ಪಾತ್ರೆ, ಹೆಚ್ಚಿಲ್ಲ. ಚಳಿಗಾಲದಲ್ಲಿ ಬೆರಳ ಸಂದು ಸೀಳುತ್ತದೆ. ಕೈಗವಸು ಹಾಕಿದರೆ ಏನೂ ತಿಳಿಯುವುದಿಲ್ಲವೆಂದು ಹಾಕುವುದಿಲ್ಲ. ಬೆನ್ನಿಗೆ ಪಟ್ಟಿ ಕಟ್ಟಿ ಮೂರು ವರ್ಷವಾಯಿತು. ಕೆಲಸ ಕಾಯಂ ಆಗಲು ಹದಿನಾಲ್ಕು ವರ್ಷ ಹಿಡಿಯಿತು. ಮನೆಯಲ್ಲಿ ಮಗಳು ಪಾತ್ರೆ ತೊಳೆಯಲು ಬಿಡುವುದಿಲ್ಲ. ಅಮ್ಮನಿಗೆ ಒಂದು ತಟ್ಟೆ ಕೊಟ್ಟರೆ ಅದರ ಜಾತಕ ನೋಡಿಯೇ ಇಳಿಸುವುದು ಎಂಬುದು ಅವಳ ದೂರು.

ಅಕ್ಕ ನಿಜವಾಗಿ ಮಾಡುವ ಕೆಲಸ ಬೇರೆ. ಊರಿನ ಕಲಾ ಕುಂಬಾರಿಕೆ ಕಾರ್ಖಾನೆ ಮುಚ್ಚಿ ನಲವತ್ತನಾಲ್ಕು ವರ್ಷವಾಗಿದೆ. ಅಲ್ಲಿನ ನಾನೂರ ಹನ್ನೆರಡು ಹೂದಾನಿಗಳು ಇಲ್ಲಿವೆ. ಎಲ್ಲದರ ತಳದಲ್ಲೂ ಕಾರ್ಖಾನೆಯ ಮುದ್ರೆ, ಪಕ್ಕದಲ್ಲಿ ಯಜಮಾನರ ಸಹಿ. ಯಜಮಾನರು ಕಾಗದದ ಮೇಲೆ ಆಕಾರ ಬರೆದವರು. ತಿಗರಿಯ ಮುಂದೆ ಕೂತು ಮಣ್ಣು ಎತ್ತಿದವರ ಗುರುತು ಎಲ್ಲೂ ಇಲ್ಲ. ಹೊರಮೈಯನ್ನು ಕೆರೆದು, ಬಣ್ಣ ಹಚ್ಚಿ, ಹೊಳಪು ಕೊಟ್ಟಿದ್ದಾರೆ. ಒಳಮೈಯ ಉಸಾಬರಿಗೆ ಯಾರೂ ಹೋಗಿಲ್ಲ. ಅಲ್ಲಿ ಬೆರಳು ಎಳೆದ ಸುರುಳಿಗೆರೆ ಹಾಗೇ ಉಳಿದಿದೆ. ಒಬ್ಬನದು ಒತ್ತೊತ್ತು ಗೆರೆ, ಇನ್ನೊಬ್ಬ ತಳದಲ್ಲಿ ಹೆಬ್ಬೆರಳು ತಿರುಚಿ ಮುಗಿಸುತ್ತಿದ್ದ. ಹೀಗೆ ತಡವಿ, ಬದುಕಿರುವ ಹಳೆಯ ಕೆಲಸಗಾರರನ್ನು ಮನೆಮನೆಗೆ ಹೋಗಿ ವಿಚಾರಿಸಿ, ಅಕ್ಕ ಈವರೆಗೆ ಮೂವತ್ತೇಳು ಹೂದಾನಿಗಳನ್ನು ಮಾಡಿದವರನ್ನು ಹುಡುಕಿದ್ದಾರೆ.

ಒಮ್ಮೆ ಪೂರ್ತಿ ಎಡವಿದ್ದೂ ಉಂಟು. ಎಂಟು ವರ್ಷದ ಹಿಂದೆ ಆರು ಹೂದಾನಿಗಳ ಸುರುಳಿ ಉಲ್ಟಾ ದಿಕ್ಕಿಗಿರುವುದು ತಿಳಿದು, ಇವು ಎಡಗೈಯವರೊಬ್ಬರ ಕೆಲಸ ಎಂದರು. ಲೇಬಲ್ ಅಂಟಿಸಿಯೂ ಆಯಿತು. ಕಾರ್ಖಾನೆಯ ನಿವೃತ್ತ ಎಲೆಕ್ಟ್ರಿಷಿಯನ್ ಬಂದು ನೋಡಿ ನಕ್ಕ. ತಿಗರಿಗಳ ಮೋಟರು ರಿಪೇರಿಯಾದಾಗ ಅವನೇ ತಂತಿ ಅದಲುಬದಲು ಕೊಟ್ಟಿದ್ದನಂತೆ. ಮೂರು ವಾರ ಎಲ್ಲರ ಮಣ್ಣೂ ಉಲ್ಟಾ ತಿರುಗಿತ್ತು. ಆರೂ ಲೇಬಲ್ ಕಿತ್ತರು. ಅಂದಿನಿಂದ ಕಚೇರಿಯಲ್ಲಿ ಇವರು 'ಉಲ್ಟಾ ಅಕ್ಕ'.

ಹಾಗಾಗಿ ಈ ಹಸಿರುನೀಲಿ ಹೂದಾನಿಯ ಸುರುಳಿಯೂ ಉಲ್ಟಾ ಎಂದು ಅಕ್ಕ ಕೊನೆಗೂ ಬಾಯಿಬಿಟ್ಟಾಗ ಸಂಗ್ರಹಾಲಯದ ಮುಖ್ಯಸ್ಥರು ಕನ್ನಡಕ ತೆಗೆದು ಹಣೆ ಒತ್ತಿಕೊಂಡರು. ಅದು ಸಂಗ್ರಹದಲ್ಲೇ ಅತ್ಯಂತ ಎತ್ತರದ್ದು, ಹೊಸ ಗಾಜಿನ ಪೆಟ್ಟಿಗೆಯಲ್ಲಿ ಕಾಯಂ ಆಗಿ ಕೂರಲಿರುವುದು. ಗುರುವಾರ ಸಂಜೆ ಲೇಬಲ್ ಅಚ್ಚಿಗೆ ಹೋಗುತ್ತದೆ, ಶುಕ್ರವಾರ ಪೆಟ್ಟಿಗೆಗೆ ಸೀಲು. ಅಷ್ಟರೊಳಗೆ ಗಟ್ಟಿ ಸಾಕ್ಷಿ ಸಿಗದಿದ್ದರೆ ಯಜಮಾನರ ಹೆಸರೊಂದೇ ಇರುತ್ತದೆ ಎಂದು ಹೇಳಿಬಿಟ್ಟರು.

ಅಕ್ಕನ ಅನುಮಾನ ಇದ್ದದ್ದು ಎಂಬತ್ತನಾಲ್ಕರ ಒಬ್ಬ ಅಜ್ಜಿಯ ಮೇಲೆ. ಹಾಜರಿ ಪುಸ್ತಕದಲ್ಲಿ ಅಜ್ಜಿಯ ಹೆಸರಿನ ಮುಂದೆ 'ಕಸ, ನೀರು' ಎಂದಷ್ಟೇ ಇದೆ. ಆದರೆ ಹೂದಾನಿ ಸುಡುವ ಭಟ್ಟಿಯಲ್ಲಿದ್ದ ಮುದುಕನೊಬ್ಬ, ಕಸ ಗುಡಿಸುವ ಎಡಚಿಯೊಬ್ಬಳನ್ನು ಕುಂಬಾರರೊಬ್ಬರು ಕಾಯಿಲೆ ಬಿದ್ದಾಗ ತಿಗರಿಗೆ ಕೂರಿಸಿದರು, ನಾಲ್ಕು ವರ್ಷ ಎಬ್ಬಿಸಲಿಲ್ಲ ಎಂದಿದ್ದ. ಹಾಜರಿಯನ್ನು ಯಾರೂ ತಿದ್ದಲಿಲ್ಲ. ಅಜ್ಜಿಯ ಸೊಸೆಗೂ ಅತ್ತೆ ಗುಡಿಸುತ್ತಿದ್ದರೆಂದೇ ಗೊತ್ತು. ಅವರು ಹೇಳುತ್ತಿದ್ದ ಮಿಕ್ಕಿದ್ದನ್ನೆಲ್ಲ ವಯಸ್ಸಿನ ಬಡಾಯಿ ಎಂದುಕೊಂಡಿದ್ದಳು.

ಮಂಗಳವಾರ ಅಕ್ಕ ನಾಲ್ಕು ಹೂದಾನಿಗಳ ಫೋಟೊ ತೆಗೆದುಕೊಂಡು ಹೋದರು. ಮುಂದಿನ ಕೋಣೆಯಲ್ಲಿ ಸೊಸೆಯ ಹೊಲಿಗೆ ಯಂತ್ರ, ಒಳಗಿನ ಮಂಚದ ಮೇಲೆ ಅಜ್ಜಿ. ಇದು ನಿಮ್ಮದಾ ಎಂದು ಅಕ್ಕ ಯಾರನ್ನೂ ಕೇಳುವುದಿಲ್ಲ. ಹಾಗೆ ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ. ಇದರಲ್ಲಿ ಏನು ತಪ್ಪಾಗಿದೆ ಎಂದು ಕೇಳುತ್ತಾರೆ. "ಬೇರೆಯವರು ಚೆಂದ ಹೇಳ್ತಾರೆ. ಮಾಡಿದವರಿಗೆ ಎಲ್ಲಿ ಕೆಡ್ತು ಅನ್ನೋದೇ ತಲೇಲಿ ಇರುತ್ತೆ."

ಮೂರು ಫೋಟೊಗಳನ್ನು ಅಜ್ಜಿ ಪಕ್ಕಕ್ಕೆ ಸರಿಸಿದರು, ಮಾಡಿದವರನ್ನೇ ಕೇಳು ಎಂದರು. ನಾಲ್ಕನೆಯದನ್ನು, ಆ ಹಸಿರುನೀಲಿಯದನ್ನು, ಬಹಳ ಹೊತ್ತು ಹಿಡಿದುಕೊಂಡರು. ಆಮೇಲೆ ಬಾಗಿಲು ಮುಚ್ಚಿಸಿದರು.

"ಭುಜದ ಹತ್ರ ತೆಳ್ಳಗಾಗೋಯ್ತು. ಕತ್ತು ಕೂರಿಸೋಕೆ ಮುಂಚೆ ಒಳಗಿಂದ ತೇಪೆ ಹಾಕ್ದೆ, ಎರಡು ಬೆರಳಗಲ. ಮೇಸ್ತ್ರಿಗೆ ಗೊತ್ತಾಗಿದ್ರೆ ಒಡೆದು ಹಾಕ್ತಿದ್ದ. ನೀನೂ ಹೇಳ್ಬೇಡ."

ಮೇಸ್ತ್ರಿ ಸತ್ತು ಮೂವತ್ತು ವರ್ಷವಾಗಿದೆ.

ಅಲ್ಲೊಂದು ಉಬ್ಬಿರುವುದು ಅಕ್ಕನ ಬೆರಳಿಗೆ ಗೊತ್ತಿತ್ತು. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ, ಫೋಟೊದಲ್ಲಿ ಅದು ಕಾಣುವುದೂ ಇಲ್ಲ. ಇದಕ್ಕಿಂತ ಗಟ್ಟಿ ಸಾಕ್ಷಿ ಸಿಗುವುದಿಲ್ಲ ಎಂದು ಅವರು ಅಜ್ಜಿಗೆ ವಿವರಿಸಿದರು. ತೇಪೆ ತೋರಿಸಿದರೆ ಹೆಸರು ಬರುತ್ತದೆ, ಇಲ್ಲದಿದ್ದರೆ ಇಲ್ಲ. ಅಜ್ಜಿ ಒಪ್ಪಲು ಒಂದು ರಾತ್ರಿ ತೆಗೆದುಕೊಂಡರು. ಬೆಳಿಗ್ಗೆ ಸೊಸೆಯ ಫೋನಿನಿಂದ ಒಂದೇ ಷರತ್ತು ಬಂತು: "ಹೆಸರು ಹಾಕು. ತೇಪೆ ಬರೀಬೇಡ."

ಬುಧವಾರ ಕೊಳಾಯಿ ರಿಪೇರಿಯವನು ಚರಂಡಿ ನೋಡುವ ತಂತಿ ಕ್ಯಾಮೆರಾ ತಂದ. ಮೊದಲು ಅದನ್ನು ಅಕ್ಕ ಮೂರು ಸಲ ತೊಳೆದರು. ಪುಟ್ಟ ಪರದೆಯ ಮೇಲೆ ಸುರುಳಿಗೆರೆ, ಅದನ್ನು ಅಡ್ಡ ಹಾಯ್ದ ಚಪ್ಪಟೆ ಪಟ್ಟಿ, ಪಟ್ಟಿಯ ಅಂಚನ್ನು ಒತ್ತಿದ ಬೆರಳಗುರುತು ಕಂಡವು. ಮುಖ್ಯಸ್ಥರು ಎರಡು ಸಲ ನೋಡಿ ಹೆಸರಿಗೆ ಒಪ್ಪಿದರು. ತೇಪೆಯ ಕತೆ ಲೇಬಲ್‌ನಲ್ಲಿದ್ದರೆ ಜನ ನಿಂತು ಓದುತ್ತಾರೆ ಎಂಬುದು ಅವರ ವಾದ. ಕೊಟ್ಟ ಮಾತು ತಾನು ಮುರಿಯುವುದಿಲ್ಲ, ಬರೆಯುವುದಾದರೆ ಫೈಲಿನಲ್ಲಿ ಬರೆದುಕೊಳ್ಳಿ ಎಂದು ಅಕ್ಕ. ಗುರುವಾರ ಮಧ್ಯಾಹ್ನದವರೆಗೆ ಜಗ್ಗಾಟ ನಡೆದು ತೇಪೆ ಫೈಲಿಗೆ ಹೋಯಿತು. ಲೇಬಲ್‌ನ ಮೊದಲ ಸಾಲಿನಲ್ಲಿ ಅಜ್ಜಿಯ ಪೂರ್ತಿ ಹೆಸರು, ಎರಡನೆಯದರಲ್ಲಿ ಯಜಮಾನರದು. ಅಕ್ಕನ ಹೆಸರು ಲೇಬಲ್‌ನಲ್ಲೂ ಇಲ್ಲ, ಫೈಲಿನಲ್ಲೂ ಇಲ್ಲ. ಅದರ ಬಗ್ಗೆ ಕೇಳಿದರೆ, ನೀರು ತಣ್ಣಗಾಗುತ್ತಿದೆ ಎನ್ನುತ್ತಾರೆ.

ಶನಿವಾರ ಅಜ್ಜಿ ಬಂದರು. ಸೊಸೆ ಲೇಬಲ್ಲನ್ನು ಜೋರಾಗಿ ಓದಿದಳು, ಆಮೇಲೆ ಇನ್ನೊಮ್ಮೆ ಮೆಲ್ಲಗೆ. ಅಜ್ಜಿಗೆ ಅದರ ಕಡೆ ಗಮನವಿರಲಿಲ್ಲ. ಗಾಜಿನ ಪೆಟ್ಟಿಗೆಯ ಸುತ್ತ ಕೋಲೂರಿ ಒಂದು ಸುತ್ತು ಬಂದು, ಹೊರಗಿಂದ ಗೊತ್ತಾಗುತ್ತಾ ಎಂದು ಅಕ್ಕನ ಕಿವಿಯಲ್ಲಿ ಕೇಳಿದರು.

"ಇಲ್ಲ ಅಂದೆ," ಎಂದು ಅಕ್ಕ ಕೈ ಒರೆಸಿಕೊಳ್ಳುತ್ತಾರೆ. "ಆ ತೇಪೇನ ಕೊಳೆ ಅಂದ್ಕೊಂಡು ಹನ್ನೊಂದು ವರ್ಷ ನಾನು ಉಜ್ಜಿ ಉಜ್ಜಿ ಸಾಕಾಗಿದೀನಿ, ಅಲ್ಲಾಡಿಲ್ಲ. ಅದೊಂದು ಹೇಳ್ಲಿಲ್ಲ."