ಗಂಗರಾಜು ತೋರಿಸಿದ ಹುಳುಮನೆ

ಪುಸ್, ಪುಸ್. ಬೆನ್ನ ಹಿಂದೆ ಎರಡು ಸಲ ಸದ್ದಾಯಿತು.

ಗಂಗರಾಜು ಆಗ ಹುಳುಮನೆಯ ನಡುವೆ ನಿಂತು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದ. ರೇಷ್ಮೆಹುಳು ಮೊಟ್ಟೆಯೊಡೆದು ಬಂದಮೇಲೆ ಗೂಡು ಕಟ್ಟುವ ತನಕ ನಾಲ್ಕು ಸಲ ಮೇವು ಬಿಟ್ಟು ಮಲಗುತ್ತದೆ, ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ, ಇವು ನಾಲ್ಕನೇ ಜ್ವರದಿಂದ ಎದ್ದು ಐದು ದಿನವಾಯಿತು, ಇನ್ನೆರಡು ಮೂರು ದಿನಕ್ಕೆ ಹಣ್ಣಾಗಿ ಗೂಡಿಗೆ ತಯಾರಾಗುತ್ತವೆ ಎಂದು ವಿವರಿಸುತ್ತಿದ್ದವನು ಅರೆಗಳಿಗೆ ನಿಂತ. ಮಜ್ಜಿಗೆಹುಲ್ಲಿನಂಥ ವಾಸನೆ ಮೂಗಿಗೆ ಬಡಿಯಿತು. ತಿರುಗಿದರೆ, ಪುಣೆಯಿಂದ ಬಂದಿದ್ದ ಮೇಡಂ ಒಂದು ಕಾಲನ್ನು ಹಿಂದಕ್ಕೆ ಮಡಚಿ, ಸೊಳ್ಳೆ ಕಚ್ಚದಿರಲೆಂದು ಹಚ್ಚಿಕೊಳ್ಳುವ ಔಷಧಿಯ ಸಣ್ಣ ಸೀಸೆಯನ್ನು ಹಿಮ್ಮಡಿಗೆ ಹಿಡಿದಿದ್ದಳು. ಆಮೇಲೆ ಮೊಣಕೈಗೆ. ಆಮೇಲೆ ಅಂಗೈಗೆ ಹೊಡೆದುಕೊಂಡು ಕುತ್ತಿಗೆಗೆ ಒರೆಸಿಕೊಂಡಳು. ಎದುರಿಗೆ ಸಾಲು ಸಾಲು ಸ್ಟ್ಯಾಂಡುಗಳಲ್ಲಿ ಹಸಿರು ಸೊಪ್ಪಿನ ಮೇಲೆ ಹುಳುಗಳು ಮೇಯುತ್ತಿದ್ದವು. ಮೂಲೆಯಲ್ಲಿ ಫ್ಯಾನು ತಿರುಗುತ್ತಿತ್ತು.

"ಸೊಳ್ಳೆ" ಎಂದು ಆಕೆ ನಕ್ಕಳು.

ಗಂಗರಾಜುವೂ ನಕ್ಕ. ನಕ್ಕು, ಎಲ್ಲಿ ಬಿಟ್ಟಿದ್ದನೋ ಅಲ್ಲಿಂದ ಮಾತು ಹಿಡಿದ. ಆಕೆ ಹುಳುವನ್ನು ಮುಟ್ಟಬಹುದೇ ಎಂದು ಕೇಳಿದಾಗ ಎರಡು ಹುಳುಗಳನ್ನು ಎತ್ತಿ, ಇನ್ನೂ ಹಸಿಯಾಗಿದ್ದ ಆ ಅಂಗೈ ಮೇಲೆ ತಾನೇ ಇಟ್ಟ. ಆಕೆಯ ಗಂಡ ವೀಡಿಯೊ ಮಾಡಿಕೊಂಡ. ನೋಡಿ ಮುಗಿದ ಮೇಲೆ ಆಕೆ ಅವನ್ನು ಸೊಪ್ಪಿನ ಮೇಲೆ ಬಿಟ್ಟು, ಇನ್ನಷ್ಟು ಹುಳುಗಳ ಬೆನ್ನು ನೇವರಿಸುತ್ತ ಆ ಸಾಲಿನುದ್ದಕ್ಕೂ ನಡೆದಳು.

ಹುಳುಮನೆಗೆ ಯಾವುದು ಆಗದು ಎನ್ನುವುದನ್ನು ಗಂಗರಾಜುವಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಅತ್ತರು ಆಗದು, ಪೌಡರು ಆಗದು, ಹೊಗೆಸೊಪ್ಪು ಆಗದು, ಊದುಬತ್ತಿ ಆಗದು. ಸೊಳ್ಳೆಯ ಔಷಧಿಯಂತೂ ಹುಳುವಿಗೆ ವಿಷ. ಪಕ್ಕದ ಹೊಲದಲ್ಲಿ ಟೊಮೆಟೊಗೆ ಔಷಧಿ ಹೊಡೆದ ಗಾಳಿ ಬೀಸಿದರೂ ಇಲ್ಲಿ ಹುಳು ಕಕ್ಕುತ್ತದೆ. ಅವನ ತಾಯಿ ಆಂಜಿನಮ್ಮ ಈ ಮನೆಗೇ ಇಪ್ಪತ್ತೆಂಟು ವರ್ಷ ಹಿಪ್ಪುನೇರಳೆ ಸೊಪ್ಪು ಕೊಯ್ದವಳು. ಎಲೆ ಅಡಿಕೆ ಉಗುಳಿ, ಬಾಯಿ ಮುಕ್ಕಳಿಸಿ, ಆಮೇಲೇ ಹೊರೆಯನ್ನು ತಲೆಗೇರಿಸುತ್ತಿದ್ದಳು. ತಂದು ಹೊಸ್ತಿಲಾಚೆ ಇಳಿಸುತ್ತಿದ್ದಳು. ಇಪ್ಪತ್ತೆಂಟು ವರ್ಷದಲ್ಲಿ ಒಂದು ದಿನವೂ ಒಳಗೆ ಕಾಲಿಟ್ಟವಳಲ್ಲ. ಬಾ ಎಂದು ಯಾರೂ ಕರೆದಿರಲೂ ಇಲ್ಲ.

ಮಗ ಒಳಗೆ ಬಂದದ್ದು ಎರಡು ವರ್ಷದ ಹಿಂದೆ. ಚಿಂತಾಮಣಿಯ ಸರ್ಕಾರಿ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಆಟೊ ಓಡಿಸಿ, ಟ್ಯಾಕ್ಸಿ ಓಡಿಸಿ, ಹಿಂದಿನ ಸೀಟಿನವರ ಮಾತು ಕೇಳುತ್ತಲೇ ಇಂಗ್ಲಿಷು, ಹಿಂದಿ ಕಲಿತು, ನಲವತ್ತರ ಹೊತ್ತಿಗೆ ಸ್ವಂತ ಕಾರಿನ ಗೈಡಾಗಿದ್ದ. ಒಂದು ಕುಟುಂಬಕ್ಕೆ ಒಂದು ಕಾರು, ಒಬ್ಬನೇ ಗೈಡು, ಎಂಟು ದಿನ: ನಂದಿ, ಶಿಡ್ಲಘಟ್ಟ, ಚಿಂತಾಮಣಿ, ವಿದುರಾಶ್ವತ್ಥ, ಲೇಪಾಕ್ಷಿ, ಹಂಪಿ, ಬಾದಾಮಿ, ಮೈಸೂರು. ಟೂರ್ ಕಂಪನಿಯವರು ಹಳ್ಳಿಯ ಮನೆಯೊಂದನ್ನೂ ತೋರಿಸಬೇಕು ಎಂದಾಗ ಅವನ ಮನಸ್ಸು ನೇರವಾಗಿ ತಾಯಿ ಸೊಪ್ಪು ಹೊತ್ತ ಆವಲಪ್ಪನವರ ಹುಳುಮನೆಯ ಮುಂದೆ ಹೋಗಿ ನಿಂತಿತು. ಯಾಕೆ ಅಲ್ಲಿಗೇ ಹೋಯಿತೆಂದು ಅವನು ತನ್ನನ್ನು ಕೇಳಿಕೊಂಡಿರಲಿಲ್ಲ.

ಆವಲಪ್ಪನವರ ಹೆಂಡತಿ ಶ್ಯಾಮಲಮ್ಮ ಒಪ್ಪಿಕೊಂಡಳು. "ಆಂಜಿನಮ್ಮನ ಮಗ ಅಲ್ವೇನಪ್ಪ ನೀನು? ಬಾ, ಬಾ. ಈ ಕಾಲ್ದಲ್ಲಿ ಅವೆಲ್ಲ ಏನೂ ಇಲ್ಲ" ಎಂದಿದ್ದಳು. 'ಅವೆಲ್ಲ' ಏನೆಂದು ಇಬ್ಬರಿಗೂ ಗೊತ್ತಿತ್ತು. ಅಂದಿನಿಂದ ಪ್ರತಿ ಪ್ರವಾಸದಲ್ಲೂ ಅವನು ಆ ಹೊಸ್ತಿಲ ಬಳಿ ಸುಣ್ಣದ ನೀರಿನಲ್ಲಿ ಕಾಲದ್ದಿ, ಅತಿಥಿಗಳಿಂದಲೂ ಅದ್ದಿಸಿ, ಹುಳುಮನೆಯ ನಡುವೆ ಹೋಗಿ ನಿಂತು, ಗಂಟಲು ಸರಿಮಾಡಿಕೊಂಡು ಮಾತು ಶುರುಮಾಡುತ್ತಿದ್ದ. ಅಷ್ಟು ಹೊತ್ತು ಆ ಮನೆಗೆ ಅವನೇ ಯಜಮಾನ.

ಹಾಗೆ ನಿಂತವನಿಗೆ, ನಾನು ಕರೆತಂದವರಿಂದಲೇ ತಪ್ಪಾಯಿತು ಎಂದು ಕೂಗಲು ಬಾಯಿ ಬರಲಿಲ್ಲ. ಕೂಗಲು ಅಲ್ಲಿ ಯಾರೂ ಇರಲೂ ಇಲ್ಲ. ಶ್ಯಾಮಲಮ್ಮ ಸೊಪ್ಪು ತರಲು ತೋಟಕ್ಕೆ ಹೋಗಿದ್ದಳು. ಸೊಸೆ ಪವಿತ್ರ ಅಡುಗೆಮನೆಯಲ್ಲಿ ಕಾಫಿ ಕಾಯಿಸುತ್ತಿದ್ದಳು. ಅತಿಥಿಗಳ ಜೊತೆ ಯಾವಾಗಲೂ ಅವಳೇ ಒಳಗೆ ಬರುವವಳು. ಈ ಬೆಳೆಯನ್ನು ಇರುವೆಯಷ್ಟಿದ್ದ ಮರಿಗಳಿಂದ ಕಣ್ಣಲ್ಲಿ ಕಣ್ಣಿಟ್ಟು ಸಾಕಿದವಳೂ ಅವಳೇ. ಅಂದು ಮಾತ್ರ ಹೊಸ್ತಿಲಿನಿಂದ ನಾಲ್ಕು ಮಾರು ದೂರ ನಿಂತು, "ಗಂಗರಾಜಣ್ಣ, ಇವತ್ತು ನೀವೇ ತೋರಿಸ್ಬಿಡಿ. ನಾನು ಒಳಗೆ ಬರಂಗಿಲ್ಲ, ಮೂರು ದಿನ" ಎಂದಿದ್ದಳು. ಆ ಮನೆಯ ಅಡುಗೆಕೋಣೆಗೆ ಆ ನಿಯಮ ಎಂದೋ ಸಡಿಲವಾಗಿತ್ತು. ಹುಳುಮನೆಗೆ ಇನ್ನೂ ಬಿಗಿಯಾಗಿಯೇ ಇತ್ತು. ಪವಿತ್ರ ಬಿ.ಕಾಂ. ಓದಿದವಳು, ಅದನ್ನೆಲ್ಲ ನಂಬುವವಳಲ್ಲ. ಅತ್ತೆಯ ಮನಸ್ಸು ನೋಯುತ್ತದೆಂದು ಪಾಲಿಸುತ್ತಿದ್ದಳು, ಅಷ್ಟೆ.

ಕಾಫಿ ಕುಡಿದು ಹೊರಡುವಾಗ ಮೇಡಂ ಪವಿತ್ರಳ ಕೈ ಹಿಡಿದು ಬಹಳ ಹೊತ್ತು ಕೊಂಡಾಡಿದಳು. ಗಂಗರಾಜು ಕಾರಿನ ಗಾಜು ಒರೆಸುತ್ತ ನಿಂತಿದ್ದ.

ಮಾರನೆಯ ದಿನ ಗೌರಿಬಿದನೂರು ದಾಟಿ ವಿದುರಾಶ್ವತ್ಥದಲ್ಲಿ ನಾಗರಕಲ್ಲುಗಳ ಸಾಲಿನ ನಡುವೆ ಇದ್ದಾಗ ಶ್ಯಾಮಲಮ್ಮನ ಫೋನು ಬಂತು.

"ಗಂಗರಾಜು, ಮುಂದಿನ ವಾರ ಯಾರನ್ನೂ ಕರ್ಕೊಂಡ್ ಬರ್ಬೇಡಪ್ಪ."

"ಯಾಕಮ್ಮ?"

"ಹುಳ ಕೆಟ್ಟೋದ್ವು ಕಣಪ್ಪ. ತಲೆ ಎತ್ಕೊಂಡು ಹಿಂಗೆ ಹಿಂಗೆ ಆಡಿಸ್ತಾವೆ, ಹಸ್ರಿಗೆ ಕಕ್ತಾವೆ. ಎರಡು ಸಾಲು ಆಗ್ಲೇ ಹೋಯ್ತು. ಉಳಿದಿದ್ದು ಏನಾಗ್ತದೋ ಆ ದೇವ್ರಿಗೇ ಗೊತ್ತು."

ಗಂಗರಾಜುವಿನ ಕಾಲ ಕೆಳಗಿನ ಕಲ್ಲುಹಾಸು ಕಾದಿತ್ತು. ಆ ಬಿಸಿ ಅವನಿಗೆ ಗೊತ್ತಾಗಲಿಲ್ಲ. "ಏನಾಯ್ತಂತೆ?" ಎಂದು ಕೇಳಿದ. ಆ ಪ್ರಶ್ನೆ ತನ್ನ ಬಾಯಿಂದಲೇ ಬಂದದ್ದಕ್ಕೆ ಆಮೇಲೆ ಎಷ್ಟೋ ದಿನ ನಾಚಿಕೊಂಡ.

"ಏನಾಗೋದು! ಇವ್ಳು ಹೋಗಿರ್ತಾಳೆ ಒಳಗೆ. ನಾನು ತೋಟದಲ್ಲಿದ್ದೆ. ಬಂದೋರಿಗೆ ತೋರಿಸ್ಬೇಕಲ್ಲ, ದೊಡ್ಡಸ್ತಿಕೆ! ಇಲ್ಲ ಅತ್ತೆ, ಹೋಗಿಲ್ಲ ಅಂತಾಳೆ. ಮತ್ತೆ ಹುಳ ಸುಮ್ಸುಮ್ನೆ ಸಾಯ್ತಾವಾ? ಚೆಪ್ಪು, ನೀನೇ ಹೇಳು." ಸಿಟ್ಟು ಬಂದಾಗ ಶ್ಯಾಮಲಮ್ಮನಿಗೆ ತೆಲುಗು ನುಗ್ಗುತ್ತಿತ್ತು.

"ಅಮ್ಮ, ಗೆಸ್ಟ್ ಕಾಯ್ತಾವ್ರೆ, ಆಮೇಲೆ ಮಾಡ್ತೀನಿ" ಎಂದ ಗಂಗರಾಜು.

ಆಮೇಲೆ ಮಾಡಲಿಲ್ಲ. ಲೇಪಾಕ್ಷಿಯ ತೂಗುವ ಕಂಬದ ಕೆಳಗೆ ಬಟ್ಟೆ ತೂರಿಸಿ ತೋರಿಸಿದ. ಹಂಪಿಯಲ್ಲಿ ಬಿಸಿಲಿಗೆ ಕೊಡೆ ಹಿಡಿದ. ಎಲ್ಲಿ ನಿಂತು ಏನು ವಿವರಿಸಿದರೂ ಮಾತಿನ ನಡುವೆ ಒಂದು ಕಡೆ ತಡವರಿಸುತ್ತಿದ್ದ, ಅರೆಗಳಿಗೆಯ ಹಳ್ಳ. ಮೇಡಂ ಅವನ ಮುಖ ನೋಡಿ "ಆರ್ ಯು ಓಕೆ, ರಾಜು?" ಎಂದು ಮಾತ್ರೆ ಕೊಟ್ಟಳು. ಒಳ್ಳೆಯ ಹೆಂಗಸು. ಹೇಳಿದ್ದರೆ ಆ ಕ್ಷಣವೇ ಸೀಸೆ ಮುಚ್ಚಿ, ಕೈ ತೊಳೆದು, ನೂರು ಸಲ ಸಾರಿ ಅನ್ನುತ್ತಿದ್ದವಳು. ಆಕೆ ಅಷ್ಟು ಒಳ್ಳೆಯವಳಾದದ್ದೇ ಗಂಗರಾಜುವಿಗೆ ಸಹಿಸಲಾರದ್ದಾಯಿತು. ಒರಟು ಸ್ವಭಾವದವಳಾಗಿದ್ದರೆ ಹೆದರಿದೆ ಎಂದಾದರೂ ಹೇಳಿಕೊಳ್ಳಬಹುದಿತ್ತು.

ಹಂಪಿಯಲ್ಲಿದ್ದಾಗಲೇ ಪವಿತ್ರಳ ಫೋನು ಬಂತು.

"ಗಂಗರಾಜಣ್ಣ, ಒಂದು ಉಪಕಾರ. ಅವತ್ತು ನಾನು ಒಳಗೆ ಬರ್ಲಿಲ್ಲ ಅಂತ ಅತ್ತೆಗೆ ಒಂದು ಮಾತು ಹೇಳ್ಬಿಡಿ. ನೀವಿದ್ರಲ್ಲ, ನೋಡಿದೀರ. ನನ್ ಮಾತು ನಂಬ್ತಿಲ್ಲ ಅವ್ರು. ನಮ್ಮನೆಯವ್ರು ಫ್ಯಾಕ್ಟ್ರಿಯಿಂದ ಫೋನ್ ಮಾಡಿ, 'ಹೋಗಿದ್ರೆ ಹೋಗಿದೀನಿ ಅಂತ ಒಪ್ಕೊಂಬಿಡೇ, ಅಮ್ಮ ಸುಮ್ನಾಗ್ತಾಳೆ' ಅಂತಾರೆ. ಮಾಡ್ದೆ ಇರೋದನ್ನ ಹೆಂಗಣ್ಣ ಒಪ್ಕೊಳೋದು? ಹುಳುಮನೆ ಬೀಗದ ಕೈಯನ್ನೂ ಇಸ್ಕೊಂಡ್ರು."

"ಹೇಳ್ತೀನಮ್ಮ. ಬಂದ್ಮೇಲೆ ಹೇಳ್ತೀನಿ."

"ಫೋನಲ್ಲೇ ಹೇಳ್ಬೋದಲ್ಲಣ್ಣ? ಅರ್ಧ ನಿಮಿಷದ ಮಾತು."

"ಸಿಗ್ನಲ್ ಸಿಗಲ್ಲಮ್ಮ ಇಲ್ಲಿ" ಎಂದ. ಅವಳ ಉಸಿರೂ ಕೇಳುವಷ್ಟು ಸಿಗ್ನಲ್ ಇತ್ತು.

ಅರ್ಧ ನಿಮಿಷದ ಮಾತೇ ಹೌದು. ಅವಳು ಒಳಗೆ ಬರಲಿಲ್ಲ ಎಂದರೆ ಮುಗಿಯಿತು. ಆದರೆ ಅಷ್ಟಕ್ಕೆ ನಿಲ್ಲುವುದಿಲ್ಲವಲ್ಲ. ಹಾಗಾದರೆ ಹುಳು ಯಾಕೆ ಸತ್ತವು, ಒಳಗೆ ಇದ್ದದ್ದು ಯಾರು ಎಂದು ಶ್ಯಾಮಲಮ್ಮ ಕೇಳಿಯೇ ಕೇಳುತ್ತಾಳೆ. ಆಗ ಊರು ಏನನ್ನುತ್ತದೆಂದೂ ಅವನಿಗೆ ಗೊತ್ತಿತ್ತು. ಸೊಳ್ಳೆಯ ಔಷಧಿ ಎಂದು ಎರಡು ದಿನ ಅಂದಾರು; ಮೂರನೆಯ ದಿನ, 'ಆ ಕೇರಿಯೋನು ಕಾಲಿಟ್ಟ, ಹುಳ ಹೋಯ್ತು' ಎನ್ನುತ್ತಾರೆ. ತಾಯಿ ಹೊರಗೇ ಇಳಿಸಿದ ಇಪ್ಪತ್ತೆಂಟು ವರ್ಷದ ಹೊರೆಗಳಿಗೆ ಅದೊಂದು ರುಜುವಾತಾಗುತ್ತದೆ. ಈ ಯೋಚನೆ ಸುಳ್ಳಾಗಿರಲಿಲ್ಲ. ಆದರೆ ಅದರ ಹಿಂದೆ ಅವಿತುಕೊಂಡು ಕೂತಿದ್ದೇನೆ ಎನ್ನುವುದೂ ಸುಳ್ಳಾಗಿರಲಿಲ್ಲ.

ಬಾದಾಮಿಯ ಲಾಡ್ಜಿನ ಮೆಟ್ಟಿಲ ಮೇಲೆ ಕೂತು ಹೆಂಡತಿ ಸಂಘಮಿತ್ರಳಿಗೆ ಫೋನ್ ಮಾಡಿ ಎಲ್ಲ ಹೇಳಿದ. ಅವಳು ಅಂಗನವಾಡಿ ಕಾರ್ಯಕರ್ತೆ. ಎಲ್ಲವನ್ನೂ ಮಕ್ಕಳಿಗೆ ಹೇಳಿದ ಹಾಗೆ ಬಿಡಿಸಿ ಹೇಳುವವಳು.

"ನಾನು ಸುಳ್ಳೇನೂ ಹೇಳ್ಲಿಲ್ಲ. ಸುಮ್ನಿದ್ದೆ ಅಷ್ಟೆ" ಎಂದ ಗಂಗರಾಜು.

"ಹೂಂ ರೀ. ದಿನಾ ಬುದ್ಧನ ಫೋಟೊ ಮುಂದೆ ಪಂಚಶೀಲ ಹೇಳ್ತೀರಲ್ಲ, ಸುಮ್ನಿರೋದು ಎಷ್ಟನೇದು?"

"ಊರೋರು ಏನಂತಾರೆ ಅಂತ ಗೊತ್ತಲ್ಲ ನಿಂಗೆ."

"ಗೊತ್ತು. ಈಗ ಆ ಹುಡ್ಗಿಗೆ ಅಂತಿರೋದೂ ಅದೇ ಮಾತಲ್ವಾ? ಮೈಲಿಗೆ ಅಂತ. ನಿಮ್ಮ ಮೇಲಿಂದ ಜಾರಿ ಅವಳ ಮೇಲೆ ಬಿದ್ದಿದೆ, ನೀವು ಅಬ್ಬಾ ಅಂತ ಕೂತಿದೀರ."

ಅವಳು ಉತ್ತರಕ್ಕೆ ಕಾಯದೆ, ಮಗಳು ಅಮೃತಾಳ ಶಾಲೆಯ ಮೀಟಿಂಗು ಎಂದು ಬೇರೆ ಮಾತೆತ್ತಿದಳು.

ಎಂಟನೆಯ ದಿನ ಅತಿಥಿಗಳನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟ. ನೋಡಿದ್ದರಲ್ಲೆಲ್ಲ ಆ ರೇಷ್ಮೆಯ ಮನೆಯೇ ಮನಸ್ಸಲ್ಲಿ ಉಳಿಯುತ್ತದೆ ಎಂದು ಮೇಡಂ ಹೇಳಿ ಹೋದಳು. ಗಂಗರಾಜು ಚಿಕ್ಕಬಳ್ಳಾಪುರದ ತನ್ನ ಮನೆಯ ಕಡೆ ತಿರುಗದೆ ನೇರ ಶಿಡ್ಲಘಟ್ಟದ ದಾರಿ ಹಿಡಿದ.

ಊರ ಮುಂದಿನ ತಿಪ್ಪೆಯ ಪಕ್ಕ ಹೊಸದಾಗಿ ಮುಚ್ಚಿದ ಗುಂಡಿಯಿತ್ತು. ಮೇಲೆ ಸುಣ್ಣ ಚೆಲ್ಲಿದ್ದರು. ಅದೇನೆಂದು ಅವನು ಯಾರನ್ನೂ ಕೇಳಬೇಕಾಗಿರಲಿಲ್ಲ.

ಶ್ಯಾಮಲಮ್ಮ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಪವಿತ್ರ ಅಂಗಳದ ನಲ್ಲಿಯ ಹತ್ತಿರ ಪಾತ್ರೆ ತೊಳೆಯುತ್ತಿದ್ದಳು. ಹುಳುಮನೆಯ ಬಾಗಿಲಿಗೆ ಬೀಗ ಬಿದ್ದಿತ್ತು.

"ಬಾಪ್ಪ ಗಂಗರಾಜು, ಕೂತ್ಕೊ. ಬಿಟ್ಟು ಬಂದ್ಯಾ ನಿನ್ ಪುಣೆಯೋರ್ನ? ಉಳಿದ ಹುಳ ಗೂಡು ಕಟ್ಟಿದ್ವು, ಆದ್ರೆ ಎಲ್ಲ ಪೊಳ್ಳು. ಒತ್ತಿದ್ರೆ ತಗ್ಗು ಬೀಳ್ತದೆ, ಮಾರ್ಕೆಟ್ಟಲ್ಲಿ ಮೂಸಿ ನೋಡೋರಿಲ್ಲ. ನನ್ ಮಾತು ಕೇಳೋರ್ಯಾರು ಈ ಮನೇಲಿ?"

ಪವಿತ್ರ ತಲೆಯೆತ್ತಿ ಅವನನ್ನು ನೋಡಿದಳು. ಕೇಳಿಕೊಳ್ಳುವ ನೋಟವಲ್ಲ. ಕಾದು ಕಾದು ಸಾಕಾದವರ ನೋಟ.

ಗಂಗರಾಜು ಕೂರಲಿಲ್ಲ. "ಅಮ್ಮ, ಅವತ್ತು ಪವಿತ್ರಮ್ಮ ಒಳಗೆ ಬರ್ಲೇ ಇಲ್ಲ" ಎಂದ.

"ಹೇಳ್ಕೊಟ್ಟಿದಾಳಾ ನಿಂಗೂ?"

"ಇಲ್ಲಮ್ಮ. ಒಳಗಿದ್ದಿದ್ದು ನಾವು ಮೂರೇ ಜನ. ಆ ಮೇಡಮ್ಮು ಸೊಳ್ಳೆ ಔಷಧಿ ಹೊಡ್ಕೊಂಡ್ರು, ಅಲ್ಲೇ, ಸ್ಟ್ಯಾಂಡ್ ಪಕ್ಕದಲ್ಲೇ. ಆ ಕೈಯಲ್ಲೇ ಹುಳ ಮುಟ್ಟಿದ್ರು. ಅದರಿಂದಾನೇ ಹೋಗಿದ್ದು."

ಅವರೆಕಾಯಿಯ ಮೇಲೆ ಶ್ಯಾಮಲಮ್ಮನ ಬೆರಳು ನಿಂತಿತು. ಪವಿತ್ರ ನಲ್ಲಿ ನಿಲ್ಲಿಸಿದಳು.

"ನೀನು ನೋಡ್ಲಿಲ್ವಾ?" ಎಂದಳು ಶ್ಯಾಮಲಮ್ಮ.

"ನೋಡ್ದೆ."

ಶ್ಯಾಮಲಮ್ಮ ಸೊಸೆಯ ಕಡೆ ಓರೆಯಾಗಿ ನೋಡಿ, ಮಡಿಲಿನ ಸಿಪ್ಪೆ ಕೊಡವಿದಳು. ಸೊಸೆಗೆ ಹೇಳಬೇಕಾಗಿದ್ದ ಮಾತು ಅವಳ ನಾಲಿಗೆಗೆ ಕಷ್ಟವಾಯಿತೋ ಏನೋ, ಅದನ್ನು ಬಿಟ್ಟು ಗಂಗರಾಜುವಿನ ಮೇಲೆ ಕನಿಕರ ತೋರಿಸಿದಳು.

"ಹೋಗ್ಲಿ ಬಿಡಪ್ಪ. ಆಗಿದ್ದಾಯ್ತು. ನಿಮ್ಮೋರು ಯಾವತ್ತು ಹುಳ ಸಾಕಿದೀರ, ನಿಂಗೆ ಹೆಂಗೆ ಗೊತ್ತಾಗ್ಬೇಕು ಹೇಳು? ತಿಳೀದೆ ಆಗಿದೆ. ಮುಖ ಸಣ್ಣ ಮಾಡ್ಕೊಬೇಡ."

ಅದು ತೆರೆದ ಬಾಗಿಲು. ತಲೆ ತಗ್ಗಿಸಿ 'ಹೂಂ' ಎಂದಿದ್ದರೆ ಸಾಕು, ತಿಳಿಯದವನಾಗಿ ಹೊರಗೆ ಬರಬಹುದಿತ್ತು. ಬಾಯಿ ಮುಕ್ಕಳಿಸಿ ಹೊರೆ ಹೊರುತ್ತಿದ್ದ ತಾಯಿಯನ್ನೂ ತಿಳಿಯದವಳನ್ನಾಗಿ ಮಾಡಿ.

"ಗೊತ್ತಿತ್ತಮ್ಮ" ಎಂದ ಗಂಗರಾಜು. "ಚೆನ್ನಾಗಿ ಗೊತ್ತಿತ್ತು. ಅದು ವಿಷ ಅಂತ ಗೊತ್ತಿದ್ದೇ ಸುಮ್ನಿದ್ದೆ. ಹುಳಾನ ಎತ್ತಿ ಅವ್ರ ಕೈಗಿಟ್ಟಿದ್ದೂ ನಾನೇ."

ಪವಿತ್ರ ಎದ್ದು ನಿಂತಳು. ಕೈಯಿಂದ ಬೂದಿ ನೀರು ತೊಟ್ಟಿಕ್ಕುತ್ತಿತ್ತು. ಅವಳ ದನಿ ಏರಲಿಲ್ಲ.

"ನಾನು ಒಳಗಿದ್ದಿದ್ರೆ ಆಯಮ್ಮನ ಕೈ ಹಿಡ್ಕೊಂತಿದ್ದೆ. ಒಳಗೆ ಹೋಗಿದೀಯ ಅಂತ ಇಷ್ಟು ದಿನ ಬೈಸ್ಕೊಂಡೆ. ಹೋಗ್ದೆ ಇದ್ದಿದ್ದೇ ತಪ್ಪಾಯ್ತಲ್ಲಣ್ಣ. ಹಂಪಿಗೆ ನಾನು ಫೋನ್ ಮಾಡ್ದಾಗ..."

"ಅಯ್ಯೋ, ಸುಮ್ನಿರೇ, ಬಂದೋನ್ಗೆ ಮೊದ್ಲು ಒಂದ್ ಲೋಟ ಕಾಫಿ ಇಡು" ಎಂದು ಶ್ಯಾಮಲಮ್ಮ ನಡುವೆ ಬಾಯಿಹಾಕಿದಳು. "ಗಂಗರಾಜು, ನೀನು ಕೂತ್ಕೊಳಪ್ಪ..."

"ಇಡ್ತೀನಿ ಅತ್ತೆ. ಮೊದ್ಲು ಬೀಗದ ಕೈ ಕೊಡಿ" ಎಂದಳು ಪವಿತ್ರ. ಮತ್ತೆ ಅವನ ಕಡೆ ತಿರುಗಿದಳು. "ಒಂದು ಕೇಳ್ತೀನಿ ಗಂಗರಾಜಣ್ಣ, ಅವತ್ತು ಸಿಗ್ನಲ್ ಇಲ್ಲ ಅಂದ್ರಲ್ಲ, ನಿಜವಾಗ್ಲೂ..."

ಸುಮ್ಮನಿದ್ದದ್ದನ್ನು ಒಪ್ಪಿಕೊಂಡ ಗಂಗರಾಜು, ಬಾಯಾರೆ ಹೇಳಿದ ಆ ಒಂದು ಸುಳ್ಳನ್ನು ಒಪ್ಪಿಕೊಳ್ಳಲಾರದೆ, ಪ್ರಶ್ನೆ ಪೂರ್ತಿಯಾಗುವುದಕ್ಕೆ ನಿಲ್ಲಲಿಲ್ಲ. ಅಂಗಳದ ಕಲ್ಲು ದಾಟಿ, ಚಪ್ಪಲಿಯ ಒಂದು ಪಟ್ಟಿ ಹಿಮ್ಮಡಿಗೆ ಸರಿಯಾಗಿ ಕೂರದೆಯೇ, ಬೀದಿಗಿಳಿದ. ಹಿಂದಿನಿಂದ ಶ್ಯಾಮಲಮ್ಮ ಕಾಫಿಗೆ ಕರೆಯುತ್ತಲೇ ಇದ್ದಳು. ಅವನು ಕಾರು ನಿಲ್ಲಿಸಿದ್ದ ಕಡೆಗೆ ಹೋಗಬೇಕೆಂಬುದನ್ನೂ ಮರೆತು ಹಿಪ್ಪುನೇರಳೆ ತೋಟದ ಬದುವಿನ ಮೇಲೆ ನಡೆದುಕೊಂಡು ಹೋದ.